ಮರದ ಬುಡದ ಹೆಸರಿನ ಕಲ್ಲು

ಪುರಸಭೆ ಮುಂದಿನ ಮಳೆಮರದಿಂದ ಹಕ್ಕಿ ಹಿಕ್ಕೆ ಬಿದ್ದು ಮುಖ್ಯಾಧಿಕಾರಿ ಪಂಚಾಕ್ಷರಪ್ಪನವರ ಹೊಸ ಕಾರು ಹೊಲಸಾಯಿತು. ಸಾಹೇಬರು ಮಾಲಿಯನ್ನು ಕರೆಸಿದರು.

"ಆ ಮರದ ತಲೆ ಹಾರಿಸು. ಒಂದು ರೆಂಬೆಯೂ ಉಳೀಬಾರದು, ಬರೀ ಬೊಡ್ಡೆ ಕಾಣಬೇಕು."

"ಆಗ್ಲಿ ಸಾರ್. ಇಂಥ ದೊಡ್ಡ ಕೆಲಸಕ್ಕೆ ತಮ್ಮ ಹೆಸರಿನ ಕಲ್ಲು ಬೇಡ್ವಾ? ಶೌಚಾಲಯಕ್ಕೂ ಹಾಕಿಸಿದೀವಿ."

ಸಾಹೇಬರ ಮುಖ ಅರಳಿತು. ಅಕ್ಷರಕ್ಕೆ ಬಂಗಾರದ ಬಣ್ಣ ಇರಲಿ ಎಂದರು. ಡಿಗ್ರಿ ಬಿಟ್ಟೀಯ ಎಂದು ಎಚ್ಚರಿಸಿದರು. ಮಾಲಿ ಕೆತ್ತಿಸಿಕೊಂಡು ಬಂದ: "ಈ ಮರದ ತಲೆ ಕಡಿಸಿದವರು ಶ್ರೀ ಪಂಚಾಕ್ಷರಪ್ಪ, ಬಿ.ಎ."

"ಭೇಷ್! ಎಲ್ಲಿ ನಿಲ್ಲಿಸ್ತೀಯ?"

"ಬುಡದಿಂದ ಸ್ವಲ್ಪ ದೂರ ಸಾರ್. ಮರ ಬಿದ್ದರೂ ಕಲ್ಲಿಗೆ ಪೆಟ್ಟಾಗಬಾರದು."

"ಮರ ಯಾಕೆ ಬೀಳುತ್ತೆ?"

"ಸಂತೆ ಮೈದಾನದ ಮರಕ್ಕೂ ಹೀಗೇ ತಲೆ ಹಾರಿಸಿದ್ರು. ಕಡಿದ ಕಡೆಯೆಲ್ಲ ನೀರಿಳಿದು ಒಳಗೇ ಕೊಳೀತು. ಹೋದ ವರ್ಷ ಗಾಳಿಗೆ ಶಾಸಕರ ಕಾರಿನ ಮೇಲೆ ಬಿತ್ತು. ಕಡಿಸಿದ್ದು ಯಾರು ಅಂತ ಊರೆಲ್ಲ ಹುಡುಕಿದ್ರು. ಪಾಪ, ಅಲ್ಲಿ ಕಲ್ಲೇ ಇರಲಿಲ್ಲ."

ಸಾಹೇಬರು ಬೆವರು ಒರೆಸಿಕೊಂಡರು. "ಕಲ್ಲು ಬೇಡ. ಸುಮ್ನೆ ಕಡಿ."

"ಯಾರು ಹೇಳಿದ್ರು ಅಂತ ಜನ ಕೇಳಿದ್ರೆ?"

"ಯಾರೂ ಹೇಳಿಲ್ಲ ಅನ್ನು!"

"ಯಾರೂ ಹೇಳದೆ ನಾನ್ಯಾಕೆ ಕಡೀಲಿ ಸಾರ್?" ಎಂದು ಮಾಲಿ ಗರಗಸವನ್ನು ಹೆಗಲಿಗೇರಿಸಿ ಹೊರಟ.

ಮರ ಉಳಿಯಿತು. ಕಾರಿಗೆ ತಗಡಿನ ಚಪ್ಪರ ಬಂತು. ಕಲ್ಲೂ ದಂಡವಾಗಲಿಲ್ಲ. ಸಾಹೇಬರು ಅದನ್ನು ಮರದ ಬುಡದಲ್ಲೇ ತಿರುಗಿಸಿ ನಿಲ್ಲಿಸಿ, ಬೆನ್ನ ಮೇಲೆ ಹೊಸದಾಗಿ ಕೆತ್ತಿಸಿದರು: "ಈ ಮರ ಉಳಿಸಿದವರು ಶ್ರೀ ಪಂಚಾಕ್ಷರಪ್ಪ, ಬಿ.ಎ."

ಹಕ್ಕಿಗಳಿಗೆ ಓದು ಬರುವುದಿಲ್ಲ. ಈಗ ಹಿಕ್ಕೆಯೆಲ್ಲ ಆ ಬಂಗಾರದ ಅಕ್ಷರಗಳ ಮೇಲೆಯೇ ಇಳಿಯುತ್ತದೆ.