ಇಳಿಜಾರಿಗೆ ಒತ್ತೆಯಿಟ್ಟ ತಲೆ

"ಕೇಳ್ರಪ್ಪೋ ಕೇಳಿ! ನಿಮ್ಮೂರ ದಾರಿಯಲ್ಲಿ ಜನ ಸಾಯುತ್ತಿದ್ದರೆ ಅದನ್ನು ಸರಿಪಡಿಸಲು ಅರಮನೆಯಿಂದ ಸಾವಿರ ವರಹ ಕೊಡಲಾಗುವುದು. ಹಣ ಕೇಳಲು ಬಂದವರು ಮಹಾರಾಜರ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆದಂಡ!" ಡಂಗುರದವನು ಹೀಗೆ ಸಾರಿಕೊಂಡು ಊರೂರು ಸುತ್ತಿದ.

ದುಡ್ಡು ಕೊಡೋದಕ್ಕೆ ತಲೆ ಯಾಕೆ ಅಂತೀರಾ? ಹಿಂದಿನ ವರ್ಷ ರಾಜ ಸುಮ್ಮನೆ ಕೊಟ್ಟಿದ್ದ. ಒಂದೂರಿನವರು ಆ ಹಣದಲ್ಲಿ ಕಮಾನು ಕಟ್ಟಿ ರಾಜನ ಹೆಸರು ಕೆತ್ತಿಸಿದರು. ಇನ್ನೊಂದೂರಿನವರು ಹೋಳಿಗೆ ಊಟ ಹಾಕಿಸಿದರು. ದಾರಿಯ ಗುಂಡಿ ಮಾತ್ರ ಇದ್ದಲ್ಲೇ ಇತ್ತು. ರಾಜನಿಗೆ ರೇಗಿಹೋಯಿತು.

ಮೂಡಲಗುಡ್ಡ ಎಂಬ ಊರಿನಲ್ಲಿ ದುಗ್ಗ ಅಂತ ಒಬ್ಬನಿದ್ದ. ಊರ ಮುಂದಿನ ಕಡಿದಾದ ಇಳಿಜಾರಿನಲ್ಲಿ ಬಂಡಿಗಳ ಜೊತೆ ಓಡುತ್ತಾ, ಗಾಲಿಗೆ ಕಲ್ಲೊಡ್ಡಿ ನಿಲ್ಲಿಸುವುದು ಅವನ ಕೆಲಸ. ಕೂಲಿ ಒಂದು ಬೊಗಸೆ ರಾಗಿ. ಇಳಿಜಾರಿನ ಬುಡದಲ್ಲೇ ಊರಬಾವಿ. ಅವನ ಅಪ್ಪ ಅಲ್ಲೇ ಬಂಡಿಯಡಿ ಸಿಕ್ಕಿ ಸತ್ತಿದ್ದ. ಈಗ ಬಸುರಿ ಹೆಂಡತಿ ಸನ್ನಿ ದಿನಾ ಅಲ್ಲಿಗೇ ನೀರಿಗೆ ಹೋಗುತ್ತಿದ್ದಳು. ಅವಳು ವಾಪಸ್ಸು ಬರುವವರೆಗೆ ದುಗ್ಗನ ಜೀವ ಕೈಯಲ್ಲಿರುತ್ತಿತ್ತು.

"ಅಕ್ಷರ ಬರಲ್ಲ, ಒಗಟು ಬಿಡಿಸೋಕೆ ಹೊರಟಿದ್ದೀಯಾ? ನಿಂಗೇನು ಹುಚ್ಚಾ?" ಅಂದಳು ಸನ್ನಿ.

"ದಿನಾ ಹೆದರಿ ಸಾಯೋದಕ್ಕಿಂತ ಒಂದೇ ಸಲ ತಲೆ ಹೋಗ್ಲಿ ಬಿಡೇ," ಅಂದು ದುಗ್ಗ ಹೊರಟೇಬಿಟ್ಟ.

ಆಸ್ಥಾನದಲ್ಲಿ ಅವನಿಗಿಂತ ಮೊದಲೇ ಇಬ್ಬರು ಬಂದು ನಿಂತಿದ್ದರು. ದಳವಾಯಿ ಭೈರಸನಿಗೆ ತನ್ನ ಮನೆಬಾಗಿಲವರೆಗೆ ಕಲ್ಲು ಹಾಸಿಸುವ ಆಸೆ, ಸಾಹುಕಾರ ಪದ್ಮಣ್ಣನಿಗೆ ತನ್ನ ಉಗ್ರಾಣದವರೆಗೆ.

ರಾಜ ಮೊದಲ ಒಗಟು ಹೇಳಿದ: "ಒಂದು ಜಾಗವಿದೆ. ಅಲ್ಲಿ ಹಿಂದಿರುವುದು ಮುಂದಿರುವುದನ್ನು ಅಟ್ಟುತ್ತದೆ, ಆಳು ಒಡೆಯನಾಗುತ್ತಾನೆ. ಯಾವ ಜಾಗ?"

ದಳವಾಯಿ ಮೀಸೆ ತಿರುವಿದ. "ರಣರಂಗ, ಪ್ರಭು!"

"ತಪ್ಪು." ಭಟರು ಅವನ ಕೈಕಟ್ಟಿ ಮೂಲೆಯಲ್ಲಿ ಕೂರಿಸಿದರು.

"ಇಳಿಜಾರು, ಬುದ್ಧೀ," ಅಂದ ದುಗ್ಗ. "ಹತ್ತುವಾಗ ಎತ್ತು ಬಂಡಿನ ಎಳೆಯುತ್ತೆ. ಇಳಿಯುವಾಗ ಬಂಡಿಯೇ ಎತ್ತನ್ನ ಅಟ್ಟಿಕೊಂಡು ಬರುತ್ತೆ."

ರಾಜ ತಲೆಯಾಡಿಸಿ ಎರಡನೆಯದನ್ನು ಹೇಳಿದ: "ಇದ್ದರೆ ಎಲ್ಲರೂ ಬೈಯುತ್ತಾರೆ, ಹೋದರೆ ಎಲ್ಲರೂ ಅಳುತ್ತಾರೆ. ಏನದು?"

ಸಾಹುಕಾರ ತಡಮಾಡಲಿಲ್ಲ. "ಅತ್ತೆ, ಮಹಾಸ್ವಾಮಿ!"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಪರದೆಯ ಹಿಂದೆ ತನ್ನ ಅತ್ತೆ ಕೂತಿದ್ದರಿಂದ ರಾಜ ಮಾತ್ರ ನಗಲಿಲ್ಲ. "ತಪ್ಪು," ಅಂದ. ಸಾಹುಕಾರನೂ ಮೂಲೆ ಸೇರಿದ.

ದುಗ್ಗ ನಗುವ ಸ್ಥಿತಿಯಲ್ಲಿರಲಿಲ್ಲ. "ಬಂಡಿ ಓಟ ತಗ್ಗಿಸೋಕೆ ದಾರಿಗೆ ಅಡ್ಡ ಹಾಕಿದ ದಿಬ್ಬ, ಬುದ್ಧೀ. ಬಂಡಿ ಕುಲುಕುತ್ತೆ ಅಂತ ಎಲ್ಲರೂ ಬೈತಾರೆ. ನಮ್ಮೂರಲ್ಲೂ ಒಂದಿತ್ತು. ಬೈದು ಬೈದು ಅಗೆದು ಹಾಕಿದರು. ಆಮೇಲೆ ಅತ್ತರು."

"ಸರಿ. ಇದು ಕಡೆಯದು," ಎಂದ ರಾಜ. "ಖಜಾನೆಯ ಹಣದಿಂದ ನಾನೊಂದನ್ನು ಕೊಳ್ಳಬೇಕು. ಅದು ಕಣ್ಣಿಗೆ ಕಾಣದು, ಕೈಗೆ ಸಿಗದು. ಪೂರ್ತಿ ಸಿಕ್ಕಿದರಂತೂ ಅದರ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ಏನದು?"

ದುಗ್ಗ ಮೊದಲು ಪುಣ್ಯ ಅನ್ನೋಣವೆಂದುಕೊಂಡ. ಆದರೆ ಪುಣ್ಯ ಮಾಡಿದವರು ಊರಿಗೆಲ್ಲ ಹೇಳಿಕೊಳ್ಳದೆ ಬಿಡುತ್ತಾರೆಯೇ? ಕೊಡ ಹೊತ್ತು ಮನೆಗೆ ಬರುವ ಸನ್ನಿ ಕಣ್ಮುಂದೆ ಬಂದಳು. ದಿನದಂತೆ ಹೋದಳು, ದಿನದಂತೆ ಬಂದಳು, ಏನೂ ಆಗಲಿಲ್ಲ. ಅವನಿಗೆ ಥಟ್ಟನೆ ಹೊಳೆಯಿತು.

"ಆಗದೇ ಹೋದ ಅವಘಡ, ಬುದ್ಧೀ! ನಾನು ಕಲ್ಲೊಡ್ಡಿ ನಿಲ್ಲಿಸಿದ ಬಂಡಿ ನೂರಾರು. ಅವುಗಳ ಮಾತು ಯಾರೂ ಆಡಲ್ಲ. ನಿಲ್ಲಿಸೋಕಾಗದ ಒಂದೇ ಒಂದು ಬಂಡಿಯ ಮಾತು ಇವತ್ತಿಗೂ ಆಡ್ತಾರೆ. ಅದರಡಿ ಇದ್ದದ್ದು ನಮ್ಮಪ್ಪ." ಹೇಳುತ್ತಾ ಹೇಳುತ್ತಾ ದುಗ್ಗ ಅತ್ತೇಬಿಟ್ಟ.

ರಾಜ ಸಿಂಹಾಸನದಿಂದ ಎದ್ದು ಬಂದ. "ಮೂರೂ ಸರಿ ಕಣಪ್ಪಾ. ಸಾವಿರ ವರಹ ನಿಮ್ಮೂರಿಗೆ. ರಾಜ್ಯದ ದಾರಿಗಳನ್ನೆಲ್ಲ ಇನ್ನು ನೀನೇ ನೋಡಿಕೊಳ್ಳಬೇಕು. ನಿನಗಾಗಿ ಏನು ಬೇಕು, ಕೇಳು."

"ಆ ಇಬ್ಬರ ತಲೆ ಕೊಡಿ, ಬುದ್ಧೀ."

ಮೂಲೆಯಲ್ಲಿ ಸಾಹುಕಾರ ಗೊಳೋ ಎಂದ. ದಳವಾಯಿಯ ಮೀಸೆ ಇಳಿಬಿತ್ತು.

"ಕಡಿದರೆ ಅವು ಯಾವ ಕೆಲಸಕ್ಕೂ ಬರಲ್ಲ," ಅಂದ ದುಗ್ಗ. "ಕತ್ತಿನ ಮೇಲೇ ಇದ್ದರೆ ಕಲ್ಲು ಹೊರುತ್ತವೆ. ನಮ್ಮೂರ ತಡೆಗೋಡೆಗೆ ಕಲ್ಲು ಬಹಳ ಬೇಕು."

ಈ ಸಲ ರಾಜನೂ ನಕ್ಕ.

ಮಳೆಗಾಲ ಹಿಡಿಯುವಷ್ಟರಲ್ಲಿ ಮೂಡಲಗುಡ್ಡದ ಇಳಿಜಾರಿಗೆ ತಡೆಗೋಡೆ ಎದ್ದಿತು, ದಿಬ್ಬವೂ ಬಂತು. ಕಡೆಯ ಕಲ್ಲು ಹೊತ್ತು ತಂದವನು ದಳವಾಯಿ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬಾವಿಕಟ್ಟೆಯ ಮೇಲೆ ನಿಶ್ಚಿಂತೆಯಾಗಿ ಕೂತಿದ್ದ ಸನ್ನಿ, ಪಾಪ ಅಂತ ಅವನಿಗೊಂದು ಚೊಂಬು ನೀರು ಕೊಟ್ಟಳು.