ಮೂರುಹಿಡಿ ಗುಡ್ಡ

ಬಿಳಿಗುಂಟೆ ಊರಿನ ಮೇಲಿರುವ ಮೂರುಹಿಡಿ ಗುಡ್ಡದ ನೆತ್ತಿಯಲ್ಲಿ ಮರವಿಲ್ಲ, ನೆರಳಿಲ್ಲ. ಬರೀ ಬಂಡೆ, ಬರೀ ಗಾಳಿ. ಆ ಬಂಡೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಹೂವಿನ ಹಾಸುಗಳಿವೆ. ಗಿಡ ಬೆರಳುದ್ದವೂ ಇಲ್ಲ. ಹೂವು ಜೋಳದ ಕಾಳಿನಷ್ಟು, ಬಣ್ಣ ತಿಳಿನೀಲಿ. ಪೇಟೆಯವರು ಮನೆಯಂಗಳದ ಕಲ್ಲಿನ ಕೈತೋಟಕ್ಕೆಂದು ಕಿತ್ತೊಯ್ಯುತ್ತಾರೆ. ಅದು ಯಾರ ಹೊದಿಕೆಯೆಂದು ತಿಳಿದಿದ್ದರೆ ಅವರಿಗೆ ಕೈ ಬರುತ್ತಿರಲಿಲ್ಲ.

ಹಿಂದೆ ಒಮ್ಮೆ, ಕುರಿ ಕಾಯುವ ಮೈಲಾರಿಗೆ ಇದೇ ಬಂಡೆಯ ಮೇಲೆ ಸಿಡಿಲು ಬಡಿಯಿತಂತೆ. ಸಿಡಿಲಿಗೆ ಸತ್ತವನನ್ನು ಊರಮಣ್ಣಿಗೆ ಸೇರಿಸಿದರೆ ಮಳೆ ಮುನಿಯುತ್ತದೆ ಎಂಬುದು ಆಗಿನವರ ನಂಬಿಕೆ. ಹೆಣವನ್ನು ಅಲ್ಲೇ ಬಿಟ್ಟು, ಮೇಲೆ ಕಲ್ಲು ಒಟ್ಟಿ, ಹಿಂದಿರುಗಿ ನೋಡದೆ ಇಳಿದುಬಂದರು. ಅವನ ಹೆಂಡತಿ ಸಣ್ಣೀರವ್ವ, ಮಕ್ಕಳಿಲ್ಲದವಳು, ಊರಗೌಡರ ಮುಂದೆ ಹೋಗಿ ನಿಂತಳು.

"ಮೂರು ಹಿಡಿ ಮಣ್ಣಾದ್ರೂ ಹಾಕ್ಬಾರ್ದಾ ಗೌಡ್ರೇ? ನಾಯಿ ಸತ್ರೂ ಮಣ್ಣು ಮುಚ್ತೀರಿ."

"ಬಂಡೆ ಮ್ಯಾಲೆ ಮಣ್ಣೆಲ್ಲಿ ನಿಲ್ತದವ್ವಾ? ಸುಮ್ಕಿರು," ಎಂದರು ಗೌಡರು.

ಅವಳು ಸುಮ್ಮನಿರಲಿಲ್ಲ. ಕೆರೆಯ ಮಣ್ಣನ್ನು ಮಡಿಲಲ್ಲಿ ಕಟ್ಟಿಕೊಂಡು ದಿನವೂ ಗುಡ್ಡ ಹತ್ತಿದಳು. ಹಾಕಿದ್ದನ್ನು ಗಾಳಿ ಒಯ್ದಿತು, ಉಳಿದದ್ದನ್ನು ಮಳೆ ತೊಳೆಯಿತು. ಊರು ನಕ್ಕಿತು, ಆಡಿಕೊಳ್ಳುವವರಿಗೆ ಗುಡ್ಡ ಹತ್ತುವ ಕಷ್ಟವಿಲ್ಲವಲ್ಲ! ಮೂರನೆಯ ಮಳೆಗಾಲದಲ್ಲಿ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಬಂಡೆಯ ಬಿರುಕಿನಲ್ಲಿ ಈ ಪುಟ್ಟ ಗಿಡ ಬೇರೂರಿದ ಕಡೆ ಮಾತ್ರ ಮಣ್ಣು ಕದಲದೆ ಉಳಿದಿತ್ತು. ಅಂದಿನಿಂದ ಬಿರುಕು ಬಿರುಕು ಹುಡುಕಿ ಗಿಡ ತಂದು, ಗಂಡನ ಮೇಲಿನ ಕಲ್ಲುಗಳ ಸಂದಿಯಲ್ಲಿ ಮಣ್ಣಿನೊಡನೆ ಒತ್ತುತ್ತಾ ಹೋದಳು. ಗುಡಿಸಲನ್ನೂ ಮೇಲೆಯೇ ಕಟ್ಟಿಕೊಂಡಳು. ಮಾತಾಡಲು ಒಂದು ನರಪಿಳ್ಳೆಯಿಲ್ಲದೆ ಎಷ್ಟು ವರ್ಷ ಅಲ್ಲಿದ್ದಳೋ, ಎಣಿಸಿದವರಿಲ್ಲ.

ಕೊನೆಗೊಂದು ಮಳೆಗಾಲ ಕಳೆದು ಕುರಿಗಾಹಿಗಳು ಹತ್ತಿಹೋದಾಗ, ಮೈಲಾರಿಯ ಕಲ್ಲುಗಳು ಕಾಣದಂತೆ ಹೂವು ಮುಚ್ಚಿತ್ತು ಎನ್ನುತ್ತಾರೆ. ಪಕ್ಕದಲ್ಲೇ, ಒಬ್ಬರ ಅಳತೆಗೆ ಕಲ್ಲು ಜೋಡಿಸಿ, ಮಣ್ಣು ಹಾಸಿ, ಅಂಚಿಗೆಲ್ಲ ಗಿಡ ನೆಟ್ಟ ಇನ್ನೊಂದು ಜಾಗ. ಅದರೊಳಗೆ ಕಂಬಳಿ ಹೊದ್ದು ಸಣ್ಣೀರವ್ವ ಮಲಗಿದ್ದಳು. ಉಸಿರು ನಿಂತು ಎಷ್ಟು ದಿನವಾಗಿತ್ತೋ ಯಾರಿಗೂ ತಿಳಿಯದು. ತಲೆಯ ಬಳಿ ಒಂದು ಮಡಕೆ ಬೋರಲಾಗಿತ್ತು. ಎತ್ತಿದರೆ, ನೆನೆಯದಂತೆ ಕಾದಿಟ್ಟ ಮಣ್ಣು, ಬೇರೆಬೇರೆಯಾಗಿ ಮೂರು ಹಿಡಿ. ಎಲ್ಲವನ್ನೂ ತಾನೇ ಮಾಡಿಕೊಂಡವಳಿಗೆ ಅದೊಂದನ್ನು ಮಾತ್ರ ಮಾಡಿಕೊಳ್ಳಲಾಗಿರಲಿಲ್ಲ.

ಸುದ್ದಿ ಕೇಳಿ, ಹಣ್ಣುಹಣ್ಣಾಗಿದ್ದ ಗೌಡರು ಕೋಲೂರಿಕೊಂಡು ಹತ್ತಿದರು. ಮೊದಲ ಹಿಡಿ ಅವರದೇ.

"ಮಣ್ಣು ನಿಂತದವ್ವಾ, ನಿಂತದೆ," ಎಂದು ಅತ್ತರಂತೆ.

ಹಾಸುಗಳ ಬಳಿ ಇಂದಿಗೂ ಒಂದು ಮಡಕೆ ಬೋರಲಾಗಿರುತ್ತದೆ. ಎತ್ತಿ ನೋಡಿ, ಅಡಿಯಲ್ಲಿ ಮೂರು ಹಿಡಿ ಮಣ್ಣು ಇದ್ದೇ ಇರುತ್ತದೆ. ಹಿಂದೆಮುಂದೆ ಯಾರೂ ಇಲ್ಲದವರು ಮಳೆಗಾಲ ಕಳೆದ ಮೇಲೆ ಹತ್ತಿಹೋಗಿ, ಹಳೆಯದನ್ನು ಹೂವಿನ ಬುಡಕ್ಕೆ ಹಾಕಿ, ಹೊಸದನ್ನು ಇಟ್ಟು ಬರುತ್ತಾರೆ. ಈ ವರ್ಷ ನಾನೂ ಹೋಗಿದ್ದೆ.