ಗೂಳಿಗಳ ಒಕ್ಕೂಟ ಸೇರಿದ ಟಗರು

ಮೇಲೋಣಿಯ ಟಗರು ಕೆಂಚನಿಗೂ ಕೆಳಗೋಣಿಯ ಟಗರು ಕರಿಯನಿಗೂ ಮೊದಲಿನಿಂದ ಹಗೆ. ವರ್ಷಕ್ಕೊಮ್ಮೆ ಕೆರೆಯಂಗಳದಲ್ಲಿ ಇಬ್ಬರೂ ಎದುರುಬದುರು ನಿಂತು, ಸಮನಾಗಿ ಹಿಂದೆ ಸರಿದು, ಓಡಿ ಬಂದು ಗುದ್ದುತ್ತಿದ್ದರು. ಆ ಒಂದು ಗುದ್ದಿನ ಮಾತು ಎರಡೂ ಓಣಿಗಳಿಗೆ ವರ್ಷವಿಡೀ ಸಾಕಾಗುತ್ತಿತ್ತು.

ಒಮ್ಮೆ ದೂರದ ಗೂಳಿಗಳ ಒಕ್ಕೂಟದ ಅಧ್ಯಕ್ಷ ಬಂದ. "ಕೆಂಚರಾಯರೇ, ನಿಮ್ಮಂಥವರು ಓಣಿಯಲ್ಲಿ ಕೊಳೆಯಬಾರದು. ನಮ್ಮಲ್ಲಿ ಮೂರು ಹೊತ್ತೂ ಹಿಂಡಿ, ಹತ್ತಿಕಾಳು. ಆದರೆ ಹೊರಗಿನವರೊಡನೆ ಸೆಣಸುವಂತಿಲ್ಲ."

"ಹಾಗಾದರೆ ಕರಿಯ?"

"ಯಾವ ಕರಿಯ?" ಎಂದ ಗೂಳಿ.

ಕೆಂಚ ಹೋದ. ಒಕ್ಕೂಟದೊಳಗಿನ ಮೊದಲ ಪಂದ್ಯದಲ್ಲೇ ವಾಡಿಕೆಯಂತೆ ಹಿಂದೆ ಸರಿದ. "ಹಿಂದೆ ಸರಿದವನು ಸೋತ!" ಎಂದು ಗೂಳಿಗಳು ಕೂಗಿದವು. ಹಿಂದೆ ಸರಿಯದೆ ಗುದ್ದುವುದು ಟಗರಿಗೆ ಬರಬೇಕಲ್ಲ! ಪ್ರತಿ ಪಂದ್ಯವೂ ಹಾಗೇ ಮುಗಿಯಿತು. ಸೋತಿದ್ದಕ್ಕೆ ಅಲ್ಲಿ ಬೈಯುವವರೂ ಇರಲಿಲ್ಲ. ಮೈ ಮಾತ್ರ ದುಂಡಗಾಯಿತು.

ಕಡೆಗೊಂದು ದಿನ ತಪ್ಪಿಸಿಕೊಂಡು ಊರಿಗೆ ಬಂದ. ಕೆರೆಯಂಗಳದಲ್ಲಿ ಕರಿಯ ಕೊರಳಿಗೆ ಹಾರ ಹಾಕಿಕೊಂಡು ಒಬ್ಬನೇ ನಿಂತಿದ್ದ.

"ಈ ವರ್ಷ ನಾನೇ ಗೆದ್ದೆ ಕಣೋ. ಎದುರಿಗೆ ಯಾರೂ ಇರಲಿಲ್ಲ. ಹಾರ ಹಾಕಿಸಿಕೊಳ್ಳುವಾಗ ನಾಚಿಕೆಯಾಯಿತು. ಬಾ, ಒಂದು ಗುದ್ದು ಗುದ್ದು!"

ಕೆಂಚನ ಕಣ್ಣು ಹೊಳೆಯಿತು. ಇಬ್ಬರೂ ಸಮನಾಗಿ ಹಿಂದೆ ಸರಿದು ತಲೆ ತಗ್ಗಿಸಿದರು. ಅಷ್ಟರಲ್ಲಿ ಕೆಂಚನನ್ನು ಹುಡುಕಿಕೊಂಡು ಬಂದ ಅಧ್ಯಕ್ಷ ನಡುವೆ ನಿಂತ.

"ಇಬ್ಬರೂ ಹಿಂದೆ ಸರಿದಿದ್ದಾರೆ. ಗೆಲುವು ಒಕ್ಕೂಟಕ್ಕೆ!" ಎಂದು ಸಾರಿ, ಕರಿಯನ ಕೊರಳಿನ ಹಾರವನ್ನು ತಿಂದುಹಾಕಿದ.